ಸಹಾಯ ಬೇಕು: ಪುಣೆದಾಗ ಮದುವಿ ನೋಟಿಸ್ ಕೊಟ್ರ ಊರಿಗೂ ಹೋಗ್ತದೇನ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ನಾ ವಿಜಯಪುರ ಜಿಲ್ಲಾದಂವ, ನೌಕರಿ ಹಿಂಜವಡಿಯೊಳಗ. ನಮ್ದು ಲಿಂಗಾಯತರ ಮನಿ, ಹುಡುಗಿ ಪುಣೆದ ಕ್ಯಾಥೊಲಿಕ್. ಇಬ್ರೂ ಧರ್ಮ ಬಿಡಂಗಿಲ್ಲ, ಅದಕ್ಕ 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ರಿಜಿಸ್ಟರ್ ಮದುವಿ ಆಗಬೇಕಂತ ಮಾಡೀವಿ. ಅವ್ವ ಒಪ್ಪ್ಯಾಳ. ಕಾಕಾಗೋಳಿಗೆ ಮಾತ್ರ ಮದಲs ಗೊತ್ತಾಗಬಾರದು, ಗೊತ್ತಾತಂದ್ರ ಊರ ಹಿರ್ಯಾರೆಲ್ಲ ನಮ್ಮ ಕಟ್ಟಿಮ್ಯಾಲೆ ಬಂದು ಕೂಡ್ತಾರ.

30 ದಿನದ ನೋಟಿಸ್, ಮೂರು ಸಾಕ್ಷಿ, ಒಬ್ರರ ಈ ಜಿಲ್ಲಾದಾಗ 30 ದಿನ ಇದ್ದಿರಬೇಕು, ಇದೆಲ್ಲ ಗೊತ್ತದ. ತೊಡಕು 6ನೇ ಕಲಮಿಂದು. ಕಾಯಂ ವಾಸ ಬ್ಯಾರೆ ಜಿಲ್ಲಾದಾಗಿದ್ರ ಅಲ್ಲಿ ವಿವಾಹ ಅಧಿಕಾರಿಗೂ ನೋಟಿಸಿನ ಪ್ರತಿ ಕಳಿಸಿ, ಆ ಆಫೀಸಿನಾಗೂ ಹಚ್ಚಬೇಕಂತ. ನನ್ನ ಆಧಾರ್ ಇನ್ನೂ ಊರ ವಿಳಾಸದ್ದು. ಇಲ್ಲಿದಂದ್ರ ರಿಜಿಸ್ಟರ್ ಮಾಡಿಸಿದ ಬಾಡಿಗಿ ಕರಾರು ಅಷ್ಟ. ಕಚೇರಿಯೊಳಗ ಕೇಳಿದ್ರ ಒಬ್ರು 'ಹೋಗೇ ಹೋಗ್ತದ' ಅಂತಾರ, ಇನ್ನೊಬ್ರು 'ಆಧಾರ್ ಬದಲಿಸ್ಕೊಂಡು ಬರ್ರಿ' ಅಂತಾರ. ಹೊರಗ ನಿಂತ ಏಜೆಂಟ್ ರೊಕ್ಕ ಕೊಟ್ರ ಎಲ್ಲಾ ಆಗ್ತದ ಅಂದ. ಅವನ ಮಾತಿಗೆ ಬೀಳೂ ಮನಸ್ಸಿಲ್ಲ.

ಆಧಾರ್ ಪುಣೆ ವಿಳಾಸಕ್ಕ ಬದಲಿಸಿ ಅರ್ಜಿ ಕೊಟ್ರ ಅದನ್ನs ಕಾಯಂ ವಾಸ ಅಂತ ಹಿಡೀತಾರೋ, ಏನು ಊರಿಗೂ ಕಳಿಸ್ತಾರೋ? ಇಲ್ಲೇ ಹಿಂಗ ಮದುವಿ ಆದ ಕನ್ನಡದವ್ರು ಯಾರರ ಇದ್ರ, ನಿಮ್ಮ ನೋಟಿಸ್ ಎಲ್ಲೆಲ್ಲಿ ಹಚ್ಚಿದ್ರು ಹೇಳ್ರಿ.