ಅಪ್‌ಡೇಟ್: ಅಮೆರಿಕದ ಸಮ್ಮರ್ ಕ್ಯಾಂಪ್ ಮುಗಿಸಿ ಬಂದೆ

ಅಮೆರಿಕದ ಸಮ್ಮರ್ ಕ್ಯಾಂಪ್‌ನಲ್ಲಿ ಕೌನ್ಸೆಲರ್ ಕೆಲಸ (ಮಕ್ಕಳನ್ನು ನೋಡಿಕೊಳ್ಳುವುದು) ಸಿಕ್ಕಿದೆ, ಅಲ್ಲಿ ಹೋದ ಮೇಲೆ ಪಾತ್ರೆ ತೊಳೆಸುತ್ತಾರಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮೇನ್ ರಾಜ್ಯದ ಕ್ಯಾಂಪ್ ಮುಗಿಸಿ ಈಗ ಮನೆಗೆ ಬಂದಿದ್ದೇನೆ.

ಇಲ್ಲ, ತೊಳೆಸಲಿಲ್ಲ. ಜೆ-1 ಅನ್ನುವ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ ಕ್ಯಾಂಪ್ ಕೌನ್ಸೆಲರ್ ಆಗಿ ಬಂದವರನ್ನು ಅಡುಗೆಗೆ, ಪಾತ್ರೆ ತೊಳೆಯುವುದಕ್ಕೆ, ಆಫೀಸ್ ಕೆಲಸಕ್ಕೆ ಹಾಕುವಂತಿಲ್ಲ ಅಂತ ನಿಯಮವೇ ಇದೆ. ಮಕ್ಕಳ ಜೊತೆಗಿರುವುದೇ ಕೆಲಸ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಅವರ ಕ್ಯಾಬಿನ್‌ನಲ್ಲೇ ಮಲಗಬೇಕು. ರಾತ್ರಿ ಅಮ್ಮ ನೆನಪಾಗಿ ಅಳುವ ಮಗುವನ್ನು ಸಮಾಧಾನ ಮಾಡಬೇಕು. ಬೆಳಿಗ್ಗೆ ಮತ್ತೆ ಕೆರೆ ದಡದಲ್ಲಿ ಈಜುವವರ ಮೇಲೆ ಕಣ್ಣಿಟ್ಟು ನಿಲ್ಲಬೇಕು. ತುಂಬಾ ಸುಸ್ತಾಗುತ್ತದೆ. ಆದರೂ ಆ ಮಕ್ಕಳನ್ನು ಬಹಳ ಹಚ್ಚಿಕೊಂಡೆ. ಲಗೋರಿ ಕಲಿಸಿದ ಮೇಲೆ ದಿನಾ ಅದೇ ಬೇಕು ಅನ್ನುತ್ತಿದ್ದರು!

ದುಡ್ಡು ಮಾಡಲು ಇದು ದಾರಿ ಅಲ್ಲ. ಊಟ, ವಸತಿ ಕ್ಯಾಂಪಿನದು, ಕೈಗೆ ಬರುವುದು ಕಡಿಮೆ. ನಾನು ವೀಸಾ ಅರ್ಜಿಗೆ 185 ಡಾಲರ್, ಸೆವಿಸ್ (ಇಂಥ ವೀಸಾದವರ ವಿವರ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ) ಶುಲ್ಕ 35 ಡಾಲರ್ ಕಟ್ಟಿದೆ. ಸಾಮಾನ್ಯವಾಗಿ ನಮ್ಮಂಥವರ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಸರ್ಕಾರಿ ಪಿಂಚಣಿ) ತೆರಿಗೆ ಹಿಡಿಯುವಂತಿಲ್ಲ. ಪೇ ಸ್ಲಿಪ್ ಬಂದ ತಕ್ಷಣ ನೋಡಿಕೊಳ್ಳಿ.

ಕ್ಯಾಂಪ್ ಮುಗಿದ ಮೇಲೆ ಸುತ್ತಾಡಬಹುದಾ ಅಂತ ಒಬ್ಬರು ಕೇಳಿದ್ದರಲ್ವಾ? ಕೆಲಸ 4 ತಿಂಗಳು ಮೀರುವಂತಿಲ್ಲ. ವೀಸಾಕ್ಕಾಗಿ ಪ್ರಾಯೋಜಕ ಸಂಸ್ಥೆ ಕೊಡುವ ಡಿಎಸ್-2019 ಫಾರ್ಮ್‌ನಲ್ಲಿರುವ ಕೊನೆಯ ದಿನಾಂಕದ ನಂತರ 30 ದಿನ ದೇಶ ನೋಡಬಹುದು, ದುಡಿಯುವಂತಿಲ್ಲ. ನಾನು ಬಸ್ ಹತ್ತಿ ಬಾಸ್ಟನ್ ನೋಡಿಕೊಂಡು ಬಂದೆ.