ಅಜ್ಜಿಯ ಸೀರೆ, ಹಾಳೆ, ಬಲೆ: ಮನೆಮಂದಿ ಗುಂಪಿನಲ್ಲಿ ಒಂದು ಜಾಕೆಟ್

ಪುಟ್ಟಿ: (ಫೋಟೊ) ಸೆಮಿಸ್ಟರ್ ಕೆಲಸ. ಭುಜಕ್ಕೆ ಅಡಿಕೆ ಹಾಳೆ (ಸೋಗೆಯ ಬುಡದ ಅಗಲ ಪೊರೆ), ತೋಳಿಗೆ ಬಂದರಿನಲ್ಲಿ ಬಿಸಾಡಿದ ಬಲೆ, ಒಳಗೆ ಅಜ್ಜಿಯ ಉಡುಪಿ ಸೀರೆಯ ಸೆರಗು. ಬಣ್ಣ ಚೊಗರಿನದ್ದು, ಅಡಿಕೆ ಬೇಯಿಸಿದ ಕಂದು ನೀರು.

ಬಿಜೈ ದೊಡ್ಡಪ್ಪ: ಸೆರಗು ಕತ್ತರಿಸಿದ್ದಾ? 2016ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿದ ಸೀರೆ ಅದು, ನೇಯುವವರು ಎಷ್ಟು ಜನ ಉಳಿದಿದ್ದಾರೆ ಈಗ? ಭುಜಕ್ಕೆ ಹಾಳೆ ಕಟ್ಟಿದ್ರೆ ಅದು ಬಟ್ಟೆ ಆಗ್ತದಾ?

ಪುತ್ತೂರು ಚಿಕ್ಕಪ್ಪ: ಹಾಳೆ ಮೈಮೇಲೆ ಹಾಕುದು ಹೊಸತಲ್ಲ ಅಣ್ಣ. ತಲೆಗಿಡುವ ಹಾಳೆ ಟೊಪ್ಪಿ, ಮುಟ್ಟಾಳೆ, ಎಂತದು ಮತ್ತೆ? ಆಟಿ ತಿಂಗಳಲ್ಲಿ ವೇಷ ಹಾಕಿ ಮನೆಮನೆಗೆ ಬರುವ ಆಟಿ ಕಳೆಂಜನ ತಲೆ ಮೇಲೆ ಎಂತ ಉಂಟು?
ಆದ್ರೆ ಪುಟ್ಟಿ, ಎಡಭುಜ ದೊಡ್ಡದು ಮಾಡಿ ನೋಡಿದೆ. ಸೂಜಿತೂತು ಎಲ್ಲ ನಾರಿನ ಗುಂಟ ಒಂದೇ ಸಾಲಿನಲ್ಲಿ ಉಂಟು. ಒಣಗಿದ ಮೇಲೆ ಅಂಚೆಚೀಟಿ ಬಿಡಿಸಿದ ಹಾಗೆ ಅಲ್ಲೇ ಸೀಳ್ತದೆ. ತೂತುಗಳನ್ನು ಒಂದು ಮೇಲೆ ಒಂದು ಕೆಳಗೆ ಹಾಕು, ನಡುವೆ ಒಂದು ಸೆಂಟಿಮೀಟರ್ ಬಿಡು. ಹಾಳೆ ಅರ್ಧ ಗಂಟೆ ನೆನೆಸಿ, ಮೆತ್ತಗಿರುವಾಗಲೇ ಚುಚ್ಚಿ, ಮಡಕೆ ಮೇಲೆ ಕವಚಿ ಕಟ್ಟಿ ನೆರಳಲ್ಲಿ ಒಣಗಿಸು. ಬಿಸಿಲಿಗಿಟ್ರೆ ಅಂಚು ಮೊದಲು ಒಣಗಿ ಮುರುಟ್ತದೆ.

ಮಲ್ಪೆ ಮಾವ: ಬಲಗೈ ಮಣಿಕಟ್ಟಿನ ಹತ್ರ ಬಲೆ ಹೊಳೀತಾ ಉಂಟಲ್ಲ, ಅದು ಕರಗಿದ್ದು. ಇಸ್ತ್ರಿ ತಾಗಿಸಿದ್ದೀಯಾ?

ಪುಟ್ಟಿ: ಹೌದು ಮಾವ, ಒಳಗಿನ ಸೀರೆಗೆ ಇಸ್ತ್ರಿ ಹಾಕುವಾಗ. ನೈಲಾನ್ ಅಷ್ಟು ಬೇಗ ಕರಗ್ಲಿಕ್ಕಿಲ್ಲ ಅಂದ್ಕೊಂಡೆ.

ಮಲ್ಪೆ ಮಾವ: ಅದು ನೈಲಾನ್ ಅಲ್ಲ. ಬೋಟು ಎಳೆಯುವ ಟ್ರಾಲ್ ಬಲೆ ಹೆಚ್ಚಾಗಿ ಪಾಲಿಥಿಲೀನ್. ಒಂದು ತುಂಡು ನೀರಿಗೆ ಹಾಕಿ ಅದುಮಿ ಗಾಳಿ ಬಿಡಿಸಿ ನೋಡು. ತೇಲಿದ್ರೆ ಪಾಲಿಥಿಲೀನ್, ಮುಳುಗಿದ್ರೆ ನೈಲಾನ್. ತೇಲುವುದು 130 ಡಿಗ್ರಿ ಆಸುಪಾಸಿನಲ್ಲಿ ಕರಗ್ತದೆ, ಹತ್ತಿಬಟ್ಟೆಯ ಇಸ್ತ್ರಿ 200ರ ಹತ್ರ ಇರ್ತದೆ. ನೈಲಾನ್ ಆದ್ರೆ 215 ದಾಟಬೇಕು. ಇನ್ನೊಂದು, ಸಿಹಿನೀರಲ್ಲಿ ನಾಲ್ಕು ಸಲ ಅದ್ದಿ ತೆಗಿ. ಉಪ್ಪು ಉಳಿದ್ರೆ ಮಳೆಗಾಲದಲ್ಲಿ ತೋಳು ಸದಾ ಪಸೆಪಸೆ, ಪ್ರೆಸ್ ಬಟನ್ ತುಕ್ಕು. ಅಂಚಿಗೆ ಮಿಷನ್ ಹೊಲಿಗೆ ಬೇಡ, ಬಲೆಯ ಕಣ್ಣುಗಳ ಒಳಗಿಂದ ಹಗ್ಗ ಪೋಣಿಸು.

ಕಿನ್ನಿಗೋಳಿ ಅತ್ತೆ: ಸೀರೆ ವಿಷಯಕ್ಕೆ ಬರುವಾ. ಕತ್ತರಿಸಿದ್ದಕ್ಕೆ ನನ್ನ ತಕರಾರಿಲ್ಲ, ಸೆರಗು ಕತ್ತರಿಸಿದ್ದಕ್ಕೆ ಉಂಟು. ಹಳೆ ಸೀರೆಯನ್ನು ಬೆಳಕಿಗೆ ಹಿಡಿದ್ರೆ ಸವೆದ ಜಾಗ ತಾನೇ ಕಾಣ್ತದೆ. ಸೊಂಟಕ್ಕೆ ಸಿಕ್ಕಿಸುವಲ್ಲಿ, ಹಿಮ್ಮಡಿ ತಾಗುವಲ್ಲಿ, ವರ್ಷಗಟ್ಟಲೆ ಒಂದೇ ಕಡೆ ಮಡಚಿದ ಗೆರೆಯಲ್ಲಿ. ತೆಗೀಲಿಕ್ಕೆ ಅದು ಇತ್ತು. ಗಟ್ಟಿ ಇದ್ದದ್ದು ಸೆರಗು, ಅದನ್ನು ಹಾಳೆಯ ಒರಟು ಬೆನ್ನಿಗೆ ಉಜ್ಜುವ ಹಾಗೆ ಒಳಗೆ ಕೊಟ್ಟಿದ್ದೀ.

ಪುಟ್ಟಿ: ಸೆರಗು ಒಳಗಿಟ್ಟದ್ದು ಬೇಕಂತಲೇ ಅತ್ತೆ. ಹಾಕಿಕೊಂಡವರ ಮೈಗೆ ಮಾತ್ರ ಅದು ತಾಗಬೇಕು, ನೋಡುವವರಿಗೆ ಕಾಣಬಾರದು.

ಕಿನ್ನಿಗೋಳಿ ಅತ್ತೆ: ಆ ಯೋಚನೆ ನನಗೆ ಹಿಡಿಸ್ತು. ಹಾಗಾದ್ರೆ ಅದನ್ನು ಉಳಿಸುವ ಕೆಲಸವೂ ನಿನ್ನದೇ. ಹಾಳೆ ಅಂಚಿಗೆ 3 ಸೆಂಟಿಮೀಟರ್ ಅಗಲದ ಓರೆಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆಪಟ್ಟಿ) ಸುತ್ತು. ಬಣ್ಣ ಪಟ್ಟೆಪಟ್ಟೆ ಬಂದದ್ದು ಗಂಜಿಯಿಂದ. ಅಜ್ಜಿ ಪ್ರತಿ ಸಲ ಗಂಜಿ ಹಾಕ್ತಿದ್ರು, ಅದು ಇಳಿಯದೆ ಚೊಗರು ಹಿಡಿಯುದಿಲ್ಲ. ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಬೇಕಿತ್ತು. ಆಮೇಲೆ 250 ಗ್ರಾಂ ಬಟ್ಟೆಗೆ 37 ಗ್ರಾಂ ಪಟಿಕ ಸಾಕು.

ಪುತ್ತೂರು ಚಿಕ್ಕಪ್ಪ: ಚೊಗರು ಎಲ್ಲಿಂದ? ನಮ್ಮಲ್ಲಿ ಚಾಲಿ, ಬಿಸಿಲಲ್ಲಿ ಒಣಗಿಸುದು, ಅಡಿಕೆ ಬೇಯಿಸುದೇ ಇಲ್ಲ.

ಪುಟ್ಟಿ: ಸಾಗರದಿಂದ ತರಿಸಿದೆ. ಕಪ್ಪು ಅಂಚಿಗೆ ಕಬ್ಬಿಣದ ನೀರು ಹಾಕುವ ಅಂತಿದ್ದೇನೆ.

ಕಿನ್ನಿಗೋಳಿ ಅತ್ತೆ: ಕಪ್ಪಾಗ್ತದೆ, ಆದ್ರೆ ಕಬ್ಬಿಣ ಹೆಚ್ಚಾದ್ರೆ ಹತ್ತಿ ಪುಡಿಯಾಗ್ತದೆ. ಅನ್ನಭೇದಿ (ಕಬ್ಬಿಣದ ಹಸಿರು ಉಪ್ಪು) 250 ಗ್ರಾಂ ಬಟ್ಟೆಗೆ 3 ಗ್ರಾಂ ದಾಟಬೇಡ. ಸೆರಗಿಗಂತೂ ಬೇಡವೇ ಬೇಡ, ಸವೆದ ತುಂಡಿನ ಮೇಲೆ ಮಾಡಿ ನೋಡು.

ಬಿಜೈ ದೊಡ್ಡಪ್ಪ: ಇಷ್ಟೆಲ್ಲ ಆದ ಮೇಲೆ ಒಗೆಯುದು ಹೇಗೆ? ಒಗೀಲಿಕ್ಕೆ ಆಗದಿದ್ರೆ ಅದು ಬಟ್ಟೆ ಅಲ್ಲ, ನಾನು ಮೊದಲೇ ಹೇಳಿದ್ದು ಅದನ್ನೇ.

ಪುತ್ತೂರು ಚಿಕ್ಕಪ್ಪ: ಅಣ್ಣ ಹೇಳಿದ್ದು ಸರಿ. ಒಗೆಯಲೇಬೇಕಾದದ್ದು ಸೀರೆ, ನೀರು ತಾಗಿದ್ರೆ ಆಕಾರ ಬಿಡುವುದು ಹಾಳೆ. ಎರಡನ್ನೂ ಸೇರಿಸಿ ಹೊಲಿದದ್ದೇ ತಪ್ಪು.

ಮಲ್ಪೆ ಮಾವ: ಹೊಲಿಯುದು ಬೇಡ, ಕಟ್ಟು. ಬಲೆಯ ಹಗ್ಗವನ್ನೇ ಭುಜದ ತನಕ ಎಳೆದು ಹಾಳೆಯ ತೂತಿಗೆ ಹಾಕು. ಬಿಚ್ಚಿದ್ರೆ ಮೂರೂ ಬೇರೆ ಬೇರೆ.

ಪುಟ್ಟಿ: ಆಗ್ತದೆ. ಒಂದು ಬದಿಗೆ ಆರು ತೂತು ಸಾಕಾ? ಹಾಳೆ ಹೊಸತು ಬೇಕು.

ಪುತ್ತೂರು ಚಿಕ್ಕಪ್ಪ: ಎಂಟು ಮಾಡು. ಹಾಳೆ ನಾಲ್ಕು ಕಳಿಸ್ತೇನೆ, ಎರಡು ಕಲೀಲಿಕ್ಕೆ. ಬಿದ್ದ ದಿನವೇ ಹೆಕ್ಕಿದ್ದು, ಬೂಸ್ಟು ಹಿಡಿದಿಲ್ಲ.

ಬಿಜೈ ದೊಡ್ಡಪ್ಪ: ಉಳಿದ ಸೀರೆ ನನ್ನ ಹತ್ರ ಇರಲಿ.

ಕಿನ್ನಿಗೋಳಿ ಅತ್ತೆ: ಇಟ್ಕೊಳ್ಳಿ ಭಾವ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಹಳೆ ಗೆರೆಯಲ್ಲೇ ಮಡಚಬೇಡಿ.