ಹೂವಿನ ಪರಿಹಾರ ಪಟ್ಟಿಯಲ್ಲಿ ಹೆಸರಿಲ್ಲ, ಅನುಭವ ಇದ್ದವರು ಹೇಳಿ

ಚಿಂತಾಮಣಿ ಚೆಂಡುಹೂವು (ಜೂನ್ 2021):
30 ಗುಂಟೆ ಚೆಂಡುಹೂವು ಹಾಳಾಯ್ತು. ಪಹಣಿ ಅಣ್ಣನ ಜೊತೆ ಜಂಟಿ. ಲಾಕ್‌ಡೌನ್ ನಷ್ಟಕ್ಕೆ ಸರ್ಕಾರದಿಂದ ಈ ಸಲ ಘೋಷಣೆಯಾದ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರದ ಪಟ್ಟಿಯಲ್ಲಿ ನಾವಿಲ್ಲ. ಹೀಗಾಗಿ ಆಮೇಲೆ ಸರಿಹೋದವರು ಇದ್ದೀರಾ?

ಮಾಲೂರು ಜರ್ಬೇರಾ:
ಬಂದರೂ ಎಷ್ಟು ಬರುತ್ತೆ ನೋಡಿ. ಹೆಕ್ಟೇರ್ ಅಂದ್ರೆ 2 ಎಕರೆ 19 ಗುಂಟೆ, ಗುಂಟೆಗೆ 101 ರೂಪಾಯಿ. ಕಳೆದ ವರ್ಷ 25,000 ಇದ್ದಾಗ 253. ನನ್ನ 10 ಗುಂಟೆ ಪಾಲಿಹೌಸಿಗೆ ಬಂದದ್ದು 2,530. ಒಳಗೆ 6,000 ಗಿಡ, ಒಂದಕ್ಕೆ 32ರಂತೆ ಸಸಿಗೇ 1,92,000. ಬಯಲಿನ ಹೂವಿಗೂ ಪಾಲಿಹೌಸಿಗೂ ಒಂದೇ ದರ! ಲಾಕ್‌ಡೌನ್ ಅಂತ ಗಿಡ ಹೂ ಬಿಡೋದು ನಿಲ್ಲಿಸುತ್ತಾ? ಜರ್ಬೇರಾ ತೊಟ್ಟನ್ನು ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುಚಿ ಕೀಳಬೇಕು. ಅರ್ಜೆಂಟಿಗೆ ಕತ್ತರಿ ಹಾಕಿದರೆ ಉಳಿದ ಮೋಟು ಕೊಳೆತು ಬುಡಕ್ಕೆ ಇಳಿಯುತ್ತೆ. ಕೀಳದೇ ಬಿಟ್ಟರೆ ಬೂದು ಕೊಳೆ ರೋಗ, ಥ್ರಿಪ್ಸ್ ಕೀಟ. ತಿಪ್ಪೆಗೆ ಹಾಕೋ ಹೂವಿಗೂ ಕೂಲಿ ಕೊಟ್ಟಿದ್ದೀವಿ. ಕಳೆದ ವರ್ಷ ಮೆಕ್ಕೆಜೋಳದವರಿಗೆ ಮಾತ್ರ ವಿಸ್ತೀರ್ಣ ನೋಡದೆ ತಲಾ 5,000.

ದೊಡ್ಡಬಳ್ಳಾಪುರ ಸೇವಂತಿಗೆ:
ನಮ್ಮದು ತೆಂಗಿನ ಸಾಲಿನ ನಡುವೆ ಸೇವಂತಿಗೆ. ಸರ್ಕಾರದ ಬೆಳೆ ಸಮೀಕ್ಷೆಗೆ ಬಂದವರು ಮೊಬೈಲಿನಲ್ಲಿ ಮಿಶ್ರ ಬೆಳೆ ಅಂತ ಒತ್ತಲಿಲ್ಲ, ದಾಖಲೆಯಲ್ಲಿ ಬರೀ ತೆಂಗು ಅಂತ ಕೂತಿತು. ಬೆಳೆ ದರ್ಶಕ್ ಆ್ಯಪಿನಲ್ಲಿ ಸರ್ವೆ ನಂಬರ್, ಹಿಸ್ಸಾ ಹಾಕಿ ಸಮೀಕ್ಷೆಯ ಫೋಟೊ ತೆರೆದು ನೋಡಿ, ಅಲ್ಲೇ ಆಕ್ಷೇಪಣೆ ಹಾಕಬಹುದು. ಚೆಂಡುಹೂವಿನ ಕಥೆ ಇನ್ನೂ ಕಷ್ಟ. ನಾಟಿಯಾದ ಎರಡು ತಿಂಗಳಿಗೆ ಕೊಯ್ಲು ಶುರು, ಸಮೀಕ್ಷೆ ಹಂಗಾಮಿಗೊಮ್ಮೆ. ಎರಡು ಸಮೀಕ್ಷೆ ಮಧ್ಯೆ ಬೆಳೆ ಬಂದು ಹೋದರೆ ದಾಖಲೆಯೇ ಇರಲ್ಲ. ಆಗ ತೋಟಗಾರಿಕೆಯವರಿಗೆ ಲಿಖಿತ ಅರ್ಜಿ, ಜೊತೆಗೆ ನರ್ಸರಿ ಬಿಲ್ಲು, ಜಿಪಿಎಸ್ ಫೋಟೊ. ಸ್ವೀಕೃತಿ ಸೀಲು ಬಿಡಬೇಡಿ. ರೋಟವೇಟರ್ ಹೊಡೆಸಿದ ಮೇಲೆ ಸ್ಥಳ ಪರಿಶೀಲನೆಗೆ ಬಂದವರು ಮಣ್ಣು ನೋಡಿ ವಾಪಸ್ ಹೋಗ್ತಾರೆ.

ಜಗಳೂರು ಮೆಕ್ಕೆಜೋಳ:
ಮಾಲೂರಿನವರೇ, ಜೋಳದವರು ಪುಕ್ಕಟೆ ತಿಂದರು ಅನ್ನೋ ಧಾಟಿ ಬೇಡ. 2020ರ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಅನ್ನೋ ಸುಳ್ಳು ಒಂದು ಕಡೆ, ನಮ್ಮ ಜಿಲ್ಲೆಯಲ್ಲೇ ಹಕ್ಕಿಜ್ವರ ಇನ್ನೊಂದು ಕಡೆ. ಕೋಳಿ ಫಾರಂ ಖಾಲಿ, ಕೋಳಿ ಮೇವಿಗೆ ಹೋಗೋ ಜೋಳ ಕೇಳೋರಿಲ್ಲ. ಬೆಂಬಲ ಬೆಲೆ 1,760, ನಾನು ಕೊಟ್ಟದ್ದು 1,150ಕ್ಕೆ. 60 ಕ್ವಿಂಟಲಿಗೆ 36,600 ಕಳೆದುಕೊಂಡೆ, ಬಂದದ್ದು 5,000.

ಮಾಲೂರು ಜರ್ಬೇರಾ:
ಜೋಳ ಚೀಲದಲ್ಲಿ ಕಾಯುತ್ತೆ ಸ್ವಾಮಿ, ಹೂವು ಮಾರನೇ ದಿನಕ್ಕೆ ಕಸ.

ಜಗಳೂರು ಮೆಕ್ಕೆಜೋಳ:
ತೇವ ಶೇ. 14 ದಾಟಿದರೆ ಬೂಸ್ಟು ಹಿಡಿಯುತ್ತೆ, ನುಸಿ ಬೇರೆ. ಗೋದಾಮಿನ ಬಾಡಿಗೆ ನೀವು ಕೊಡ್ತೀರಾ?

ಹೊಸಕೋಟೆ ಗುತ್ತಿಗೆ ಜಮೀನು:
ನೀವಿಬ್ಬರೂ ಪಡೆದವರು. ಎಕರೆಗೆ ವರ್ಷಕ್ಕೆ 25,000 ಗುತ್ತಿಗೆ ಕಟ್ಟಿ ಗುಲಾಬಿ ಬೆಳೆದದ್ದು ನಾವು, ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, ದುಡ್ಡು ಅವರ ಖಾತೆಗೆ. ಕರಾರು ಬಾಯಿಮಾತಿನದು, ಕೇಳಿದರೆ ಮುಂದಿನ ವರ್ಷ ಜಮೀನು ಇಲ್ಲ.

ದೊಡ್ಡಬಳ್ಳಾಪುರ ಸೇವಂತಿಗೆ:
ಕರಾರಿಲ್ಲದೆ 25,000 ಕಟ್ಟಿದ್ದು ಯಾಕೆ? ಛಾಪಾ ಕಾಗದದಲ್ಲಿ ಬರೆಸಿ, ಪರಿಹಾರ ಬಂದರೆ ಬೆಳೆದವನಿಗೆ ಅಂತ ಒಂದು ಸಾಲು ಸೇರಿಸಿ.

ಹೊಸಕೋಟೆ ಗುತ್ತಿಗೆ ಜಮೀನು:
ಕಾಗದ ಅಂದ ತಕ್ಷಣ ಗೇಣಿ ಹಕ್ಕು ಕೇಳ್ತಾನೆ ಅಂತ ಮಾಲೀಕರು ಜಮೀನೇ ಕೊಡಲ್ಲ. ಸ್ವಂತ ಭೂಮಿ ಇದ್ದವರಿಗೆ ಇದು ಅರ್ಥವಾಗಲ್ಲ.

ಶಿಡ್ಲಘಟ್ಟ ರೇಷ್ಮೆ-ಹೂವು:
ಚಿಂತಾಮಣಿಯವರ ಪ್ರಶ್ನೆ ಎಲ್ಲಿ ಹೋಯ್ತು? ಜಂಟಿ ಪಹಣಿಗೆ ಅಣ್ಣನ ಒಪ್ಪಿಗೆ ಪತ್ರ ಇಡಿ, ನಿಮ್ಮ ಎಫ್‌ಐಡಿಗೆ (ಸರ್ಕಾರ ಕೊಡೋ ರೈತರ ಗುರುತಿನ ಸಂಖ್ಯೆ) ಆ ಸರ್ವೆ ನಂಬರ್ ಸೇರಿದೆಯಾ ನೋಡಿಸಿ. ಆಮೇಲೆ ಬ್ಯಾಂಕಿನಲ್ಲಿ ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತ ಕೇಳಿ. ಪಾಸ್‌ಬುಕ್ ಜೆರಾಕ್ಸ್ ಯಾವುದೇ ಕೊಟ್ಟಿರಿ, ಆಧಾರ್ ಕೊನೆಗೆ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಹಣ ಅಲ್ಲಿಗೆ. ನಮ್ಮದು ಮರೆತುಹೋಗಿದ್ದ ಜನಧನ್ ಖಾತೆಗೆ ಬಿದ್ದಿತ್ತು. ಸರ್ಕಾರದ ಹಣ ನೇರ ಖಾತೆಗೆ ಬಂದದ್ದು ತೋರಿಸೋ ಡಿಬಿಟಿ ಆ್ಯಪಿನಲ್ಲಿ ಆ ಪಾವತಿಯ ಯುಟಿಆರ್ ನಂಬರ್ ಸಿಗುತ್ತೆ, ಅದನ್ನು ತೋರಿಸಿದರೆ ಬ್ಯಾಂಕಿನವರು ಬಂದಿಲ್ಲ ಅನ್ನೋಕಾಗಲ್ಲ.